ಸಂಬಳ ನಿಂತಲ್ಲೇ ಇದೆ, ಬಾಡಿಗೆ ಮಾತ್ರ ಏರುತ್ತಲೇ ಇದೆ: ಮಿತಿ ಹಾಕಬೇಕಾ?

ಮೂರನೇ ಮಹಡಿ:
ಮೊನ್ನೆ ಮಾಲೀಕರು ಬಂದು, ಮುಂದಿನ ತಿಂಗಳಿಂದ ಬಾಡಿಗೆ ಶೇ. 20 ಜಾಸ್ತಿ ಎಂದರು. ಈ ವರ್ಷ ನನ್ನ ಸಂಬಳ ಏರಿದ್ದು ಶೇ. 4. ಹೋದ ವರ್ಷ ಏರಲೇ ಇಲ್ಲ. ಮನೆಯಲ್ಲಿ ಏನೂ ಬದಲಾಗಿಲ್ಲ. ಸೋರುವ ನಲ್ಲಿ ಹಾಗೇ ಇದೆ, ಒದ್ದೆ ಗೋಡೆಯೂ ಹಾಗೇ ಇದೆ. ಹತ್ತಿರದಲ್ಲಿ ಒಂದು ದೊಡ್ಡ ಕಂಪನಿಯ ಕಚೇರಿ ಬಂತು, ಅಷ್ಟೇ. ಊರು ಬೆಳೆಯುತ್ತಿದೆ ಎಂದು ಎಲ್ಲರೂ ಹೇಳುತ್ತಾರೆ. ಆ ಬೆಳವಣಿಗೆಯಲ್ಲಿ ನನ್ನ ದುಡಿಮೆಯೂ ಸೇರಿದೆ ಅಲ್ವಾ? ಹಾಗಾದರೆ ನನ್ನ ಪಾಲು ಎಲ್ಲಿಗೆ ಹೋಯಿತು? ಬಾಡಿಗೆ ಏರಿಕೆಗೆ ಕಾನೂನಿನ ಮಿತಿ ಬೇಕೇ ಬೇಕು ಅನ್ನುವುದು ನನ್ನ ಅಭಿಪ್ರಾಯ. ನಿಮ್ಮದು ಹೇಳಿ.

ಒಂದೇ ಮನೆಯವನು:
ಮನೆ ಕೊಡುವವರ ಕಡೆಯಿಂದಲೂ ಒಂದು ಮಾತು ಇರಲಿ. ನನಗಿರುವುದು ಕೆಳಗೊಂದು ಮನೆ, ಮೇಲೊಂದು ಮನೆ. ಮೇಲಿನದರ ಬಾಡಿಗೆಯೇ ನನ್ನ ನಿವೃತ್ತಿ ಜೀವನಕ್ಕೆ ಆಧಾರ. ಸಾಲದ ಬಡ್ಡಿ ಏರಿದಾಗ ಬ್ಯಾಂಕಿನವರು ನನ್ನನ್ನು ಕೇಳಲಿಲ್ಲ. ಮನೆ ತೆರಿಗೆ ಏರಿತು, ಬಣ್ಣ ಬಳಿಯುವ ಕೂಲಿ ಏರಿತು, ಪೈಪು ಹಾಕಿಸುವ ಖರ್ಚು ಏರಿತು. ನೂರಾರು ಮನೆ ಇಟ್ಟುಕೊಂಡವರನ್ನೂ ನನ್ನಂಥವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಮಿತಿ ಅಂತ ಬಂದರೆ ಮೊದಲು ಏಟು ಬೀಳುವುದು ನಮಗೆ.

ಮೂರನೇ ಮಹಡಿ:
ಸಾರ್, ನಿಮ್ಮ ಕಷ್ಟ ಸುಳ್ಳು ಅನ್ನುತ್ತಿಲ್ಲ. ಆದರೆ ನಿಮ್ಮ ಖರ್ಚು ಒಂದೇ ವರ್ಷದಲ್ಲಿ ಶೇ. 20 ಏರಿತಾ? ನಮ್ಮ ಮಾಲೀಕರು ಖರ್ಚಿನ ಮಾತನ್ನೇ ಎತ್ತಲಿಲ್ಲ. "ಈಗ ಅಷ್ಟು ಕೊಡುವವರು ಇದ್ದಾರೆ" ಎಂದರು.

ಲೆಕ್ಕದ ಪುಸ್ತಕ:
"ಕೊಡುವವರು ಇದ್ದಾರೆ" ಅನ್ನುವ ಮಾತಿನಲ್ಲೇ ವಿಷಯವೆಲ್ಲ ಇದೆ. ಬೆಳೆಯುವ ಊರಿನಲ್ಲಿ ಸಂಬಳದ ಪೇಟೆ ಎರಡು, ಮನೆಯ ಪೇಟೆ ಒಂದೇ. ಹೊಸ ಕಂಪನಿಗೆ ಬರುವವರ ಸಂಬಳ ಒಂದು ಮಟ್ಟದಲ್ಲಿ ಓಡುತ್ತದೆ. ಗುಮಾಸ್ತರು, ನರ್ಸುಗಳು, ಚಾಲಕರು, ಶಿಕ್ಷಕರು ಇವರ ಸಂಬಳ ಇನ್ನೊಂದು ಮಟ್ಟದಲ್ಲಿ ತೆವಳುತ್ತದೆ. ಮನೆ ಹುಡುಕುವಾಗ ಮಾತ್ರ ಇಬ್ಬರೂ ಒಂದೇ ಬೀದಿಗೆ ಬರುತ್ತಾರೆ. ಬಾಡಿಗೆ ನಿಲ್ಲುವುದು ಜಾಸ್ತಿ ಕೊಡಬಲ್ಲವರ ಮಟ್ಟದಲ್ಲಿ. "ಊರಿನ ಸರಾಸರಿ ಆದಾಯ ಏರಿದೆ" ಎಂದು ಯಾರಾದರೂ ಹೇಳಿದರೆ, ಯಾರದ್ದು ಏರಿದೆ ಎಂದು ಕೇಳಬೇಕು.

ಒಂದು ಲೆಕ್ಕ ನೋಡಿ. ಇವತ್ತು ಸಂಬಳ 100, ಬಾಡಿಗೆ 30 ಎಂದುಕೊಳ್ಳಿ. ಕೈಯಲ್ಲಿ ಉಳಿಯುವುದು 70. ಸಂಬಳ ವರ್ಷಕ್ಕೆ ಶೇ. 4, ಬಾಡಿಗೆ ಶೇ. 10 ಏರಲಿ. ಐದು ವರ್ಷದ ಮೇಲೆ ಸಂಬಳ ಸುಮಾರು 122, ಬಾಡಿಗೆ 48. ಉಳಿಯುವುದು 73 ಚಿಲ್ಲರೆ. ಮೇಲುನೋಟಕ್ಕೆ ಮೂರು ಜಾಸ್ತಿಯೇ ಆಯಿತು. ಆದರೆ ಸಾಮಾನಿನ ಬೆಲೆ ವರ್ಷಕ್ಕೆ ಶೇ. 5 ಏರಿದ್ದರೆ, ಆ 73ಕ್ಕೆ ಸಿಗುವುದು ಇವತ್ತಿನ 57-58ಕ್ಕೆ ಸಿಗುವಷ್ಟೇ. ಪ್ರತಿ ವರ್ಷ ಇಂಕ್ರಿಮೆಂಟ್ ಸಿಕ್ಕಿಯೂ ಮನುಷ್ಯ ಬಡವನಾಗುವುದು ಹೀಗೆ.

ಹೊಸ ದಾರಿ:
ನನ್ನ ಮಾತು ಕಠಿಣ ಅನ್ನಿಸಬಹುದು. ಕೈಗೆಟುಕದಿದ್ದರೆ ದೂರ ಹೋಗಬೇಕು, ಇಲ್ಲವೇ ಒಳ್ಳೆ ಸಂಬಳದ ಕೆಲಸ ಹುಡುಕಬೇಕು. ನಾನು ಎರಡನ್ನೂ ಮಾಡಿದೆ. ಊರಿನ ನಡುವೆಯೇ ಇರಬೇಕು ಅನ್ನುವುದು ಹಕ್ಕಲ್ಲ.

ರಾತ್ರಿ ಪಾಳಿ:
ದೂರ ಹೋದವರಲ್ಲಿ ನಾನೂ ಒಬ್ಬಳು, ಅದಕ್ಕೇ ಬರೆಯುತ್ತಿದ್ದೇನೆ. ಆಸ್ಪತ್ರೆಯಲ್ಲಿ ಕೆಲಸ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಬಾಡಿಗೆಯಲ್ಲಿ ಉಳಿಸಿದ ಹಣದ ಅರ್ಧ ಓಡಾಟಕ್ಕೇ ಹೋಗುತ್ತದೆ. ಪಾಳಿ ಮುಗಿಯುವ ಹೊತ್ತಿಗೆ ಬಸ್ಸು ತಪ್ಪಿದರೆ ಇನ್ನೂ ಒಂದು ಗಂಟೆ. ಮಗಳು ಎದ್ದಿರುವಾಗ ನಾನು ಮನೆಯಲ್ಲಿ ಇರುವುದು ವಾರಕ್ಕೆ ಎರಡು ದಿನ. ನಾಲ್ಕು ಗಂಟೆಯ ಓಡಾಟವೂ ಬಾಡಿಗೆಯೇ. ಅದನ್ನು ಹಣದಲ್ಲಿ ಕೊಡುತ್ತಿಲ್ಲ, ಅಷ್ಟೇ. ಇನ್ನೊಂದು ಮಾತು. ಊರಿನ ನಡುವೆ ಆಸ್ಪತ್ರೆ ಬೇಕು, ಅಲ್ಲಿ ರಾತ್ರಿಯಿಡೀ ಜನ ಎದ್ದಿರಬೇಕು. ಹಾಗಿರುವಾಗ ಆ ಜನ ಎಲ್ಲಿ ಮಲಗಬೇಕು ಅನ್ನುವುದೂ ಊರಿನ ಪ್ರಶ್ನೆಯೇ ಅಲ್ವಾ?

ಹೊಸ ದಾರಿ:
ನೀವು ಹೇಳಿದ್ದು ಸರಿ ಅಕ್ಕ. ಓಡಾಟದ ಸಮಯವನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಾನು ಒಂಟಿ, ಮನೆಯಿಂದಲೇ ಕೆಲಸ ಮಾಡಬಹುದಿತ್ತು.

ನಕ್ಷೆ ಹಿಡಿದವನು:
ನಗರ ಯೋಜನೆ ನನ್ನ ಕೆಲಸ. ಬಾಡಿಗೆದಾರರ ಪರವಾಗಿಯೇ ಇದ್ದೇನೆ. ಆದರೂ ಮಿತಿಯೊಂದನ್ನೇ ನಂಬಬೇಡಿ, ಹೊಸ ಮನೆಗಳನ್ನೂ ಕಟ್ಟಬೇಕು ಎಂದು ಹೇಳಬೇಕಾಗಿದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1994ರಲ್ಲಿ ಮತದಾನ ನಡೆದು, 1980ಕ್ಕಿಂತ ಮೊದಲು ಕಟ್ಟಿದ ಸಣ್ಣ ಕಟ್ಟಡಗಳಿಗೂ ಬಾಡಿಗೆ ನಿಯಂತ್ರಣ ಬಂತು. ಸ್ಟ್ಯಾನ್‌ಫೋರ್ಡ್‌ನ ಅರ್ಥಶಾಸ್ತ್ರಜ್ಞರು ಅದರ ಫಲವನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಮನೆಯಲ್ಲಿ ಇದ್ದವರಿಗೆ ನಿಜಕ್ಕೂ ಅನುಕೂಲವಾಗಿತ್ತು. ಅದೇ ವಿಳಾಸದಲ್ಲಿ ಉಳಿಯಲು ಅವರಿಗೆ ಸಾಧ್ಯವಾಯಿತು. ಆದರೆ ಆ ಕಟ್ಟಡಗಳ ಮಾಲೀಕರು ಮನೆಗಳನ್ನು ಮಾರಾಟಕ್ಕೆ ತಿರುಗಿಸಿದರು, ಕೆಡವಿ ಕಟ್ಟಿದರು. ಆ ಕಟ್ಟಡಗಳಲ್ಲಿ ಬಾಡಿಗೆಗೆ ಸಿಗುವ ಮನೆ ಶೇ. 15ರಷ್ಟು ಕಡಿಮೆಯಾಯಿತು. ಆಮೇಲೆ ಮನೆ ಹುಡುಕಿಕೊಂಡು ಬಂದವರಿಗೆ ಊರು ಇನ್ನೂ ದುಬಾರಿಯಾಯಿತು.

ಬರ್ಲಿನ್ 2020ರಲ್ಲಿ ಬಾಡಿಗೆಯನ್ನು ಇದ್ದಲ್ಲೇ ನಿಲ್ಲಿಸಿತು. ಕಾನೂನಿಗೆ ಒಳಪಟ್ಟ ಮನೆಗಳ ಬಾಡಿಗೆ ಇಳಿಯಿತು, ಆದರೆ ಖಾಲಿ ಮನೆಯ ಜಾಹೀರಾತುಗಳು ತುಂಬಾ ಕಡಿಮೆಯಾದವು. 2021ರ ಏಪ್ರಿಲ್‌ನಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ, ಇಂಥ ಕಾನೂನು ಮಾಡುವ ಅಧಿಕಾರ ಬರ್ಲಿನ್‌ಗೆ ಇಲ್ಲ ಎಂದು ಅದನ್ನು ರದ್ದು ಮಾಡಿತು.

ಮೂರನೇ ಮಹಡಿ:
ಹಾಗಾದರೆ ಕಟ್ಟಡಗಳು ಏಳುವವರೆಗೆ ನಾವು ಸುಮ್ನೆ ಕೂತು ಕೊಡುತ್ತಿರಬೇಕಾ? ಹೊಸ ಮನೆಗಳು ಬರಲು ವರ್ಷಗಳೇ ಬೇಕು. ನನಗಿರುವುದು ಒಂದು ತಿಂಗಳು.

ಹಳೆ ಪತ್ರಿಕೆ:
ಸುಮ್ನೆ ಕೂರದೇ ಇದ್ದವರೂ ಇದ್ದರು. 1915ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರ ಹಡಗು ಮತ್ತು ಮದ್ದುಗುಂಡಿನ ಕಾರ್ಖಾನೆಗಳಿಂದ ತುಂಬಿಹೋಗಿತ್ತು. ಕೆಲಸಕ್ಕೆ ಜನ ಬಂದು ಸೇರಿದರು, ಮಾಲೀಕರು ಬಾಡಿಗೆ ಏರಿಸಿದರು. ಮೇರಿ ಬಾರ್ಬರ್ ಮತ್ತು ಅವರಂಥ ಮನೆವಾಳ್ತೆಯ ಹೆಂಗಸರು ಏರಿಸಿದ ಬಾಡಿಗೆ ಕೊಡುವುದಿಲ್ಲ ಎಂದು ನಿಂತರು. ಮನೆ ಖಾಲಿ ಮಾಡಿಸಲು ಬಂದವರನ್ನು ಓಣಿಯಲ್ಲೇ ತಡೆದರು. ಸಾವಿರಾರು ಕುಟುಂಬಗಳು ಸೇರಿಕೊಂಡವು. ಆ ವರ್ಷ ಮುಗಿಯುವ ಮೊದಲೇ ಬ್ರಿಟಿಷ್ ಸಂಸತ್ತು ಬಾಡಿಗೆಯನ್ನು ಯುದ್ಧಕ್ಕೆ ಮೊದಲಿನ ಮಟ್ಟಕ್ಕೆ ಕಟ್ಟಿಹಾಕುವ ಕಾನೂನು ಮಾಡಿತು. ಒಬ್ಬೊಬ್ಬರೇ ಹೋಗಿ ಕೇಳಿದ್ದರೆ ಇದು ಆಗುತ್ತಿತ್ತು ಎಂದು ನನಗೆ ಅನ್ನಿಸುವುದಿಲ್ಲ.

ನಕ್ಷೆ ಹಿಡಿದವನು:
ಮೂರನೇ ಮಹಡಿಯವರೇ, ಮಿತಿಯೇ ಬೇಡ ಎಂದು ನಾನು ಹೇಳಲಿಲ್ಲ. ಮಿತಿ ಹೇಗಿರಬೇಕು, ಅದರ ಜೊತೆ ಇನ್ನೇನಿರಬೇಕು ಅನ್ನುವುದು ನನ್ನ ಪ್ರಶ್ನೆ. ಅಮೆರಿಕದ ಆರಿಗನ್ ರಾಜ್ಯ 2019ರಲ್ಲಿ ಬೇರೆ ದಾರಿ ಹಿಡಿಯಿತು. ಬಾಡಿಗೆಯನ್ನು ನಿಲ್ಲಿಸಲಿಲ್ಲ. ವರ್ಷಕ್ಕೆ ಬೆಲೆಯೇರಿಕೆಯ ದರದ ಮೇಲೆ ಶೇ. 7, ಅದಕ್ಕಿಂತ ಜಾಸ್ತಿ ಏರಿಸಬಾರದು ಎಂದಿತು. 15 ವರ್ಷ ತುಂಬದ ಕಟ್ಟಡಗಳಿಗೆ ವಿನಾಯಿತಿ ಕೊಟ್ಟಿತು, ಕಟ್ಟುವವರು ಹಿಂದೆ ಸರಿಯಬಾರದು ಎಂದು. ನನಗೆ ಆ ಶೇ. 7 ಜಾಸ್ತಿ ಅನ್ನಿಸುತ್ತದೆ. ಆದರೆ ಆ ಬಗೆಯ ಮಿತಿ ಸರಿ. ದಿಢೀರ್ ಏಟನ್ನು ಅದು ತಡೆಯುತ್ತದೆ.

ಜೊತೆಗೆ ಮನೆ ಕಟ್ಟಲೇಬೇಕು. ಆಸ್ಟ್ರಿಯಾದ ರಾಜಧಾನಿ ವಿಯೆನ್ನಾ 1923ರಲ್ಲಿ ಮನೆಗಳ ಮೇಲೆ ತೆರಿಗೆ ಹಾಕಿತು. ಸಣ್ಣ ಮನೆಗೆ ಸ್ವಲ್ಪ, ಬಂಗಲೆಗೆ ಬಹಳ. ಆ ಹಣದಲ್ಲಿ 1934ರ ಹೊತ್ತಿಗೆ ನಗರಾಡಳಿತವೇ 60,000ಕ್ಕೂ ಜಾಸ್ತಿ ಮನೆ ಕಟ್ಟಿತು. ಅದಕ್ಕೂ ಮೊದಲೇ ಅಲ್ಲಿ ಬಾಡಿಗೆ ನಿಯಂತ್ರಣ ಇತ್ತು. ಲಾಭ ಕಡಿಮೆಯಾದ್ದರಿಂದ ಜಾಗದ ಬೆಲೆ ಇಳಿದಿತ್ತು, ನಗರಕ್ಕೆ ಅಗ್ಗದಲ್ಲಿ ಜಾಗ ಸಿಕ್ಕಿತು. ಅಂದರೆ ಮಿತಿಯೂ ಕಟ್ಟುವುದೂ ಒಂದಕ್ಕೊಂದು ಕೈ ಹಿಡಿದವು. ಇವತ್ತಿಗೂ ಆ ನಗರದ ಸುಮಾರು ಅರ್ಧ ಜನ ಇರುವುದು ನಗರದ ಮನೆಗಳಲ್ಲಿ ಅಥವಾ ಸರ್ಕಾರದ ಸಹಾಯದಿಂದ ಕಟ್ಟಿದ ಮನೆಗಳಲ್ಲಿ.

ಲೆಕ್ಕದ ಪುಸ್ತಕ:
ಸಂಬಳದ ಕಡೆಯನ್ನು ಎಲ್ಲರೂ ಬಿಟ್ಟುಬಿಟ್ಟಿರಿ. ಸಂಬಳ ಏರುವುದು ಬಹುಪಾಲು ಕೆಲಸ ಬದಲಿಸಿದಾಗ, ಅಥವಾ ಬಿಟ್ಟು ಹೋಗುತ್ತಾರೆ ಅನ್ನುವ ಭಯ ಕಂಪನಿಗೆ ಇದ್ದಾಗ. ಬಾಡಿಗೆಗೆ ಸಿಕ್ಕಿಬಿದ್ದವರು ಒಂದು ತಿಂಗಳ ಸಂಬಳವನ್ನೂ ಕಳೆದುಕೊಳ್ಳಲಾರರು. ಉಳಿತಾಯ ಇಲ್ಲದವರು ಕಡಿಮೆ ಸಂಬಳವನ್ನೂ ಒಪ್ಪಿಕೊಳ್ಳುತ್ತಾರೆ. ಹಾಗಾಗಿ ಬಾಡಿಗೆಯೇ ಸಂಬಳವನ್ನು ಕೆಳಗೆ ಹಿಡಿದಿಡುತ್ತದೆ. ಇನ್ನೊಂದು ಕಡೆ, ಮನೆ ಕಡಿಮೆ ಇರುವ ಊರಿನಲ್ಲಿ ಎಲ್ಲರ ಸಂಬಳ ಏರಿದರೂ ಆ ಏರಿಕೆಯ ದೊಡ್ಡ ಪಾಲು ಬಾಡಿಗೆಗೇ ಸೇರುತ್ತದೆ. ಎರಡನ್ನೂ ಒಟ್ಟಿಗೆ ಹಿಡಿಯದೆ ಬೇರೆ ದಾರಿ ಇಲ್ಲ.

ಒಂದೇ ಮನೆಯವನು:
ಎಲ್ಲರದ್ದೂ ಓದಿದೆ. ವಿಯೆನ್ನಾದ ಹಾಗೆ ತೆರಿಗೆ ಬಂದರೆ ನನಗೂ ಬೀಳುತ್ತದೆ. ಸಣ್ಣ ಮನೆಗೆ ಸ್ವಲ್ಪವೇ ಅಂದರೆ ನನ್ನ ತಕರಾರು ಇಲ್ಲ. ಬೆಲೆಯೇರಿಕೆಗೆ ಹೊಂದಿಸಿದ ಮಿತಿಯನ್ನೂ ಒಪ್ಪುತ್ತೇನೆ. ನನ್ನ ಮೇಲಿನ ಮನೆಯವರ ಕರಾರಿನಲ್ಲಿ ಮೂರು ವರ್ಷದ ಏರಿಕೆಯನ್ನು ಮೊದಲೇ ಬರೆದಿಟ್ಟಿದ್ದೇನೆ. ಅವರಿಗೂ ನೆಮ್ಮದಿ, ನನಗೂ ಮನೆ ಖಾಲಿ ಬೀಳುವ ಚಿಂತೆ ಇಲ್ಲ. ಶೇ. 20 ಏರಿಸಿದರೂ, ಎರಡು ತಿಂಗಳು ಮನೆ ಖಾಲಿ ಇದ್ದರೆ ಇಡೀ ವರ್ಷದ ಏರಿಕೆಯ ಲಾಭ ಹೋದ ಹಾಗೆ. ಮೂರನೇ ಮಹಡಿಯವರೇ, ಈ ಲೆಕ್ಕವನ್ನು ನಿಮ್ಮ ಮಾಲೀಕರ ಮುಂದೆ ಇಡಿ. ಸೋರುವ ನಲ್ಲಿಯ ವಿಷಯವನ್ನೂ ಬರೆದುಕೊಂಡು ಹೋಗಿ. ಬಾಯಿಮಾತಿನಲ್ಲಿ ಮುಗಿಸಬೇಡಿ.

ಮೂರನೇ ಮಹಡಿ:
ತುಂಬಾ ಉಪಕಾರವಾಯಿತು ಸಾರ್. ನಮ್ಮ ಕಟ್ಟಡದಲ್ಲಿ ಇನ್ನೂ ನಾಲ್ಕು ಮನೆಗಳಿಗೆ ಇದೇ ಏರಿಕೆ ಹೇಳಿದ್ದಾರಂತೆ, ಇವತ್ತು ವಿಚಾರಿಸಿದೆ. ಗ್ಲಾಸ್ಗೋದ ವಿಷಯ ಓದಿದ ಮೇಲೆ ಒಬ್ಬಳೇ ಹೋಗುವುದು ಬೇಡ ಅನ್ನಿಸಿತು. ಭಾನುವಾರ ಐದೂ ಮನೆಯವರು ಒಟ್ಟಿಗೆ ಹೋಗುತ್ತೇವೆ. ಶೇ. 6, ಮೂರು ವರ್ಷದ ಕರಾರು, ರಿಪೇರಿಯ ಪಟ್ಟಿ. ಇಷ್ಟು ಕೇಳುತ್ತೇವೆ.

ರಾತ್ರಿ ಪಾಳಿ:
ಏನಾಯಿತು ಎಂದು ಇಲ್ಲೇ ಬರೆಯಿರಿ. ಭಾನುವಾರ ನನಗೆ ಪಾಳಿ ಇದೆ, ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಓದುತ್ತೇನೆ.