1990ರಲ್ಲೇ ಮದುವೆಯಾದವಳಿಗೆ ಅಪ್ಪನ ಜಮೀನಿನಲ್ಲಿ ಪಾಲು ಇದೆಯಾ?

ಹೊಳೆದಂಡೆ:
ಅಪ್ಪ ತೀರಿಕೊಂಡಿದ್ದು 2001ರಲ್ಲಿ. ತಾತನ ಕಾಲದ ನಾಲ್ಕು ಎಕರೆ ಇದೆ, ಭಾಗ ಆಗಿಲ್ಲ, ಪಹಣಿ ಈಗಲೂ ಅಪ್ಪನ ಹೆಸರಲ್ಲೇ. ಹೋದ ವಾರ ಅಣ್ಣ ಬಂದು, ಅಪ್ಪನ ಹೆಸರಿಂದ ನಮ್ಮ ಹೆಸರಿಗೆ ಪೌತಿ ಖಾತೆ ಮಾಡಿಸಬೇಕು ಒಂದು ಸೈನ್ ಹಾಕಮ್ಮ, ಅರಿಶಿನ ಕುಂಕುಮಕ್ಕೆ ಅಂತ ಐವತ್ತು ಸಾವಿರ ಕೊಡ್ತೀನಿ ಅಂದ. ಓದಿದರೆ ಅದು ಹಕ್ಕು ಬಿಡುಗಡೆ ಪತ್ರ! ಕೇಳಿದ್ದಕ್ಕೆ, 94ಕ್ಕೆ ಮುಂಚೆ ಮದುವೆಯಾದವರಿಗೆ ಏನೂ ಬರಲ್ಲ ಅಂತಾನೆ. ನಿಜವಾ?

ಕರಿಕೋಟು:
ಒಂದು ಕಾಲಕ್ಕೆ ಅರ್ಧ ನಿಜ, ಅಪ್ಪನ ಭಾಗದಲ್ಲಿ ಮಾತ್ರ ಪಾಲು ಸಿಗುತ್ತಿತ್ತು. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕೇಂದ್ರ ತಂದ, 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ತಿದ್ದುಪಡಿಯಲ್ಲಿ ಆ ಷರತ್ತು ಇಲ್ಲ. ಮಗಳನ್ನು ಬಿಡುವುದು ಸಂವಿಧಾನ ಕೊಟ್ಟ ಸಮಾನತೆಯನ್ನೇ ಇಲ್ಲವಾಗಿಸಿದಂತೆ ಅಂತ ಆ ಮಸೂದೆಯ ಉದ್ದೇಶದಲ್ಲೇ ಬರೆದಿದ್ದರು. ಆಮೇಲೂ ಗೊಂದಲ ಹೋಗಲಿಲ್ಲ. ನಮ್ಮ ರಾಜ್ಯದಿಂದಲೇ ಹೋದ ಫೂಲವತಿ ಕೇಸಿನಲ್ಲಿ, ತಿದ್ದುಪಡಿ ಜಾರಿಯಾದ ದಿನ ಅಪ್ಪ ಬದುಕಿರಲೇಬೇಕು ಅಂತ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಕೇಸಿನಲ್ಲಿ ಮೂವರು ಜಡ್ಜ್‌ಗಳ ಪೀಠ ಅದನ್ನು ತೆಗೆದುಹಾಕಿತು. ಹಕ್ಕು ಹುಟ್ಟಿನಿಂದ ಬರುತ್ತದೆ, ಅಪ್ಪ ಬದುಕಿರಬೇಕಿಲ್ಲ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಪಾಲುಪತ್ರವೋ ಕೋರ್ಟ್ ಡಿಕ್ರಿಯೋ ಇದ್ದರೆ ಮಾತು ಬೇರೆ. ಬಾಯಿಮಾತಿನ ಭಾಗವನ್ನು ಕೋರ್ಟ್ ಸುಲಭಕ್ಕೆ ಒಪ್ಪುವುದಿಲ್ಲ. ಸೈನ್ ಹಾಕಬೇಡಿ.

ಗದ್ದೆಬದು:
ತಂಗಿ ಮದುವೆಗೆ ಸಾಲ ಮಾಡಿ ಇಪ್ಪತ್ತು ವರ್ಷ ತೀರಿಸಿದವನು ನಾನು. ಅದಕ್ಕೆ ಲೆಕ್ಕ ಇಲ್ವಾ? ಎಲ್ಲಾ ಅಣ್ಣಂದಿರೂ ಕಳ್ಳರಲ್ಲ.

ಕರಿಕೋಟು:
ಕಷ್ಟ ಅರ್ಥವಾಗುತ್ತದೆ ಸಾರ್. ಆದರೆ ಮದುವೆ ಖರ್ಚು ಪಾಲು ಆಗುವುದಿಲ್ಲ. ನಿಮ್ಮ ಮದುವೆ ಊಟವನ್ನು ನಿಮ್ಮ ಪಾಲಿನಲ್ಲಿ ಯಾರಾದರೂ ಹಿಡಿದುಕೊಂಡರಾ?

ಮೊರದಬಾಗಿನ:
ಕಾನೂನೆಲ್ಲ ಸರಿ. ನಾನು ದಾವೆ ಹಾಕಿ ಗೆದ್ದೆ. ಅವತ್ತಿನಿಂದ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರೋದು ನಿಂತಿತು. ಈಗ ನಾನೇ ಮೊರ ತರ್ತೀನಿ, ನನ್ನ ಪಾಲಿನ ರಾಗಿಯನ್ನೇ ಹಾಕ್ತೀನಿ. ಬೇಜಾರಾಗುತ್ತೆ, ಸುಳ್ಳು ಯಾಕೆ ಹೇಳಲಿ. ಆದರೂ ದಾವೆ ಹಾಕಿದ್ದು ತಪ್ಪು ಅನ್ನಿಸಿಲ್ಲ.

ಹೊಳೆದಂಡೆ:
ಈಗ ಪತ್ರ ಇನ್ನೊಂದು ಸಲ ತಿರುವಿ ನೋಡಿದೆ. ಕೊನೇ ಹಾಳೆಯಲ್ಲಿ ಅಮ್ಮನ ಹೆಸರೂ ಇದೆ. ಹೆಬ್ಬೆಟ್ಟು ಆಗಲೇ ಒತ್ತಿಸಿಕೊಂಡಿದ್ದಾನೆ.

ಕರಿಕೋಟು:
ಅವರಿಗೂ ಪಾಲಿದೆ. ಹೆಬ್ಬೆಟ್ಟು ಬಿದ್ದ ಮಾತ್ರಕ್ಕೆ ಮುಗಿಯಲಿಲ್ಲ, ಅಂಥ ಪತ್ರ ನೋಂದಣಿ ಆಗಬೇಕು. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಅಮ್ಮನನ್ನು ಇನ್ನೂ ಕರೆದುಕೊಂಡು ಹೋಗಿಲ್ಲ ಅಲ್ವಾ? ಇವತ್ತೇ ಫೋನ್ ಮಾಡಿ ಕೇಳಿ.