ವೀಳ್ಯದೆಲೆ ಕುಂಡದಲ್ಲಿ ಎದ್ದಿರುವ ಈ ಗಿಡ ಯಾವುದು?

ಮೈಸೂರು ತಾರಸಿ ತೋಟ:
ಸಾಗರದ ಗೆಳತಿಯ ಮನೆಯಿಂದ ಮಣ್ಣಿನ ಸಮೇತ ವೀಳ್ಯದೆಲೆ ಬಳ್ಳಿ ತಂದು ಕುಂಡಕ್ಕೆ ಹಾಕಿದ್ದೆ. ಈಗ ಬುಡದಲ್ಲಿ ಬೇರೆ ಏನೋ ಬಂದಿದೆ. ಕಾಂಡವೇ ಇಲ್ಲ, ಎಲೆಗಳೆಲ್ಲ ನೆಲಕ್ಕೆ ತಾಗಿಕೊಂಡು ಸುತ್ತಲೂ ಹರಡಿವೆ. ಉದ್ದ ಗೇಣಿಗೆ ಸ್ವಲ್ಪ ಕಡಿಮೆ, ಅಗಲ ಎರಡು ಬೆರಳು, ಅಂಚೆಲ್ಲ ಗರಗಸ. ಕಳೆ ಅಂತ ಕೀಳಲು ಹೋದರೆ ಕೈಯೆಲ್ಲ ಕೊತ್ತಂಬರಿ ಘಮ! ಅದೂ ಮಾಮೂಲಿಗಿಂತ ಜಾಸ್ತಿ ಘಾಟು. ನಮ್ಮತ್ತೆ ಮೂಸಿ ನೋಡಿ "ಥೂ, ತಿಗಣೆ ವಾಸನೆ, ಕಿತ್ತು ಬಿಸಾಕು" ಅಂದರು. ಪಕ್ಕದಲ್ಲೇ ಪಾಲಕ್, ಮೆಂತ್ಯ ಇದೆ. ಮಕ್ಕಳು ಕಂಡದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಾರೆ. ಇದನ್ನು ತಿನ್ನಬಹುದಾ?

ಸೊಪ್ಪಿನ ಹುಚ್ಚು:
ಆನೆಹೆಜ್ಜೆ ಗಿಡ ಅಲ್ವಾ? ಅದೂ ಹೀಗೇ ನೆಲಕ್ಕೆ ಅಂಟಿಕೊಂಡಿರುತ್ತದೆ.

ತೀರ್ಥಹಳ್ಳಿ ಹಿತ್ತಲು:
ಆನೆಹೆಜ್ಜೆ ಎಲೆ ಒರಟು, ಮೈತುಂಬ ರೋಮ. ಕೊತ್ತಂಬರಿ ವಾಸನೆಯಂತೂ ಅದಕ್ಕಿಲ್ಲ. ಮೇಡಂ, ನೀವು ಹೇಳುತ್ತಿರುವುದು ನಮ್ಮ ಕಡೆಯ ಕಾಡು ಕೊತ್ತಂಬರಿ ಥರ ಇದೆ. ಸಸ್ಯಶಾಸ್ತ್ರದವರಿಗೆ ಎರಿಂಜಿಯಂ ಫೀಟಿಡಂ. ಹೆಸರಿಗೆ ಕಾಡು, ಹುಟ್ಟೂರು ಮಾತ್ರ ಅಮೆರಿಕ ಖಂಡದ ಬಿಸಿ ಸೀಮೆ. ಕೊತ್ತಂಬರಿ ಕುಟುಂಬದ್ದೇ. ನಮ್ಮ ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಕಡೆ ತಾನಾಗಿ ಏಳುತ್ತದೆ, ಅಲ್ಲಿನದನ್ನು ನಾವು ಮುಟ್ಟುವುದಿಲ್ಲ ಬಿಡಿ.

ಆದರೆ ವಾಸನೆ ಒಂದನ್ನೇ ನೆಚ್ಚಿಕೊಂಡು ಬಾಯಿಗೆ ಹಾಕಬೇಡಿ. ಎಲೆ ಎರಡೂ ಕಡೆ ನುಣುಪಾಗಿರಬೇಕು. ನಡುವಿನ ದಂಟು ಮುರಿದರೆ ಹಾಲು ಬರಬಾರದು. ಹೂ ಬಂದರೆ ಅನುಮಾನವೇ ಬೇಡ: ಮಧ್ಯದಿಂದ ಒಂದು ಕಡ್ಡಿ ಎದ್ದು ಕವಲೊಡೆಯುತ್ತದೆ, ತುದಿಗಳಲ್ಲಿ ಸಣ್ಣ ಹಸಿರು ಗುಬಟು, ಅದರ ಕೆಳಗೆ ನಕ್ಷತ್ರದ ಹಾಗೆ ಮುಳ್ಳುಮುಳ್ಳು ಎಲೆ.

ಮೈಸೂರು ತಾರಸಿ ತೋಟ:
ಈಗಷ್ಟೇ ನೋಡಿ ಬಂದೆ. ರೋಮ ಇಲ್ಲ, ಹಾಲೂ ಇಲ್ಲ. ಒಂದು ಬುಡದಲ್ಲಿ ಕಡ್ಡಿ ಎದ್ದಿದೆ, ಮುಟ್ಟಿದರೆ ಚುಚ್ಚುತ್ತದೆ. ಗುಬಟೂ ಇದೆ, ಕೆಳಗಿನ ನಕ್ಷತ್ರವೂ ಇದೆ. ಕುಂಡಕ್ಕೆ ಯಾವ ಔಷಧಿಯನ್ನೂ ಹೊಡೆದಿಲ್ಲ. ಅಡುಗೆಗೆ ಹೇಗೆ ಬಳಸುತ್ತೀರಿ?

ಹ್ಯೂಸ್ಟನ್ ಕನ್ನಡತಿ:
ಅಯ್ಯೋ, ಕೀಳಬೇಡಿ! ಇಲ್ಲಿ ವಿಯೆಟ್ನಾಂ ಅಂಗಡಿಯಲ್ಲಿ ಇದನ್ನೇ ಕಟ್ಟು ಕಟ್ಟಿ ಮಾರುತ್ತಾರೆ. ಅವರ ಫೋ ಸೂಪಿನ ಮೇಲೆ ಹರಿದು ಹಾಕಿಕೊಳ್ಳುವ ಎಲೆ. ನಾನು ಟೊಮೆಟೊ ಸಾರಿಗೆ ಹಾಕುತ್ತೇನೆ.

ತೀರ್ಥಹಳ್ಳಿ ಹಿತ್ತಲು:
ಹಾಗಾದರೆ ಅದೇ. ಮೊದಲ ಸಲ ಒಂದೇ ಎಲೆ ಹಾಕಿ, ಒಗ್ಗುತ್ತದಾ ನೋಡಿ. ಒಂದು ಹಿಡಿ ಕೊತ್ತಂಬರಿ ಬೀಳುವ ಕಡೆ ಇದು ಎರಡು ಮೂರು ಎಲೆ ಸಾಕು. ಕುದಿಸಿದರೂ ಘಮ ಹೋಗುವುದಿಲ್ಲ, ಹಾಗಾಗಿ ಸಾರು ಕುದಿಯುವಾಗಲೇ ಹಾಕಬಹುದು. ನಮ್ಮಲ್ಲಿ ಚಟ್ನಿಯೇ ಜಾಸ್ತಿ: ಕಾಯಿ, ಹಸಿಮೆಣಸು, ಚೂರು ಹುಣಸೆ, ಉಪ್ಪು, ಎಳೆ ಎಲೆ ನಾಲ್ಕು. ಬಲಿತ ಎಲೆಯ ಅಂಚು ನಾಲಿಗೆಗೆ ತಾಗುತ್ತದೆ, ಅದನ್ನು ಸಣ್ಣಗೆ ಹೆಚ್ಚಲೇಬೇಕು.

ಎಲೆ ಬೇಕಿದ್ದರೆ ಹೂಕಡ್ಡಿ ಎದ್ದ ಕೂಡಲೇ ಚಿವುಟಿ. ಬಿಸಿಲಿಗೆ ಇಟ್ಟರೆ ಬೇಗ ಹೂವಿಗೆ ಹೋಗುತ್ತದೆ, ಎಲೆಯೂ ಗಟ್ಟಿ. ವೀಳ್ಯದೆಲೆಯ ನೆರಳಲ್ಲೇ ಇರಲಿ, ಎರಡಕ್ಕೂ ಬೇಕಾದ್ದು ಅದೇ ತಂಪು. ಒಂದು ಕಡ್ಡಿ ಮಾತ್ರ ಒಣಗಲು ಬಿಟ್ಟು ಬೀಜ ಉದುರಿಸಿಕೊಳ್ಳಿ. ಧೂಳಿನಷ್ಟು ಸಣ್ಣ ಇರುತ್ತದೆ, ಮೇಲೆ ಮಣ್ಣು ಮುಚ್ಚಬೇಡಿ. ಅತ್ತೆಯವರಿಗೆ ಸದ್ಯಕ್ಕೆ ಹಸಿ ಚಟ್ನಿ ಬೇಡ, ಸಾರಲ್ಲಿ ಕುದಿಸಿ ಕೊಡಿ.