ಸಂಗೀತ ಟೀಚರ್ ಕೆಲಸಕ್ಕೆ ‘ನನ್ನ ಶಿಕ್ಷಣ ತತ್ವ’ ಅಂತ ಏನು ಬರೆಯಬೇಕು?

ಹೊಸ ಟೀಚರ್:
ಎಲ್ಲರಿಗೂ ನಮಸ್ಕಾರ. ಒಂದು ಶಾಲೆಗೆ ಸಂಗೀತ ಟೀಚರ್ ಆಗಿ ಅರ್ಜಿ ಹಾಕುತ್ತಿದ್ದೇನೆ. ‘ನಿಮ್ಮ ಶಿಕ್ಷಣ ತತ್ವ’ ಅಂತ ಒಂದು ಪುಟ ಬರೆದುಕೊಡಬೇಕಂತೆ. ಎರಡು ದಿನದಿಂದ ಕೂತಿದ್ದೇನೆ. ‘ಸಂಗೀತವು ಮಗುವಿನ ಸರ್ವಾಂಗೀಣ ಬೆಳವಣಿಗೆಗೆ ಸಹಕಾರಿ’ ಅಂತ ಶುರು ಮಾಡಿದೆ, ಓದಿ ನೋಡಿದರೆ ಅದು ನನ್ನ ಮಾತೇ ಅಲ್ಲ. ಎಲ್ಲ ಮಕ್ಕಳಿಗೂ ಹಾಡಲು ಬರುತ್ತದೆ ಅಂತ ನಾನು ನಿಜವಾಗಿ ನಂಬಿದ್ದೇನೆ. ಆದರೆ ಅದನ್ನೇ ಒಂದು ಪುಟ ಹೇಗೆ ಬರೆಯೋದು? ಮಕ್ಕಳಿಗೆ ಸಂಗೀತ ಕಲಿಸುವ ಪದ್ಧತಿಗಳಿಗೆ ಹೆಸರಾದ ಜಪಾನಿನ ಸುಜುಕಿ, ಹಂಗೇರಿಯ ಕೊಡಾಯ್ ಅವರ ಹೆಸರು ಹಾಕಬೇಕಾ?

ವಯಲಿನ್ ಟೀಚರ್:
ಹಾಕಿ, ಆದರೆ ಅವರಿಂದ ನೀವು ಏನು ಕಲಿತಿರಿ ಅಂತ ಹೇಳದೆ ಸುಮ್ನೆ ಹೆಸರು ಹಾಕಬೇಡಿ. ಸುಜುಕಿ ಹೇಳಿದ್ದು ತಾಯ್ನುಡಿಯ ದಾರಿ. ಮಗು ಮಾತಾಡುವ ಮೊದಲು ತಿಂಗಳುಗಟ್ಟಲೆ ಬರೀ ಕೇಳಿಸಿಕೊಳ್ಳುತ್ತದೆ, ಅಕ್ಷರ ಕಲಿಯೋದು ಅದಾಗಿ ಎಷ್ಟೋ ವರ್ಷಕ್ಕೆ, ಹಾಗಿರುವಾಗ ಸಂಗೀತದಲ್ಲಿ ಮಾತ್ರ ಮೊದಲ ದಿನವೇ ನೊಟೇಶನ್ ಪುಸ್ತಕ ಯಾಕೆ ತೆಗೆಸಬೇಕು? ನನ್ನ ಕ್ಲಾಸಿನಲ್ಲಿ ಮೊದಲು ಕಿವಿ, ಆಮೇಲೆ ಕೈ, ಓದೋದು ಕೊನೆಗೆ. ಕೊಡಾಯ್ ಪದ್ಧತಿಯಲ್ಲಿ ವಾದ್ಯಕ್ಕಿಂತ ಮೊದಲು ಹಾಡು. ಅದರಲ್ಲಿ ಒಂದೊಂದು ಸ್ವರಕ್ಕೂ ಒಂದೊಂದು ಕೈಸನ್ನೆ ಇದೆ, ಅದರ ಮೂಲ 19ನೇ ಶತಮಾನದ ಇಂಗ್ಲೆಂಡಿನ ಜಾನ್ ಕರ್ವೆನ್ ಅವರದು.

ಹಾಡದೆ ಉಳಿದವಳು:
ನಾನು ಟೀಚರ್ ಅಲ್ಲ. ಎಂಟು ವರ್ಷದವಳಿದ್ದಾಗ ಗುಂಪು ಹಾಡಿನ ಪ್ರಾಕ್ಟೀಸ್ ನಡೆಯುತ್ತಿತ್ತು. ಟೀಚರ್ ಒಬ್ಬೊಬ್ಬರ ಹತ್ತಿರ ಬಗ್ಗಿ ಕಿವಿಗೊಟ್ಟು ಕೇಳುತ್ತಾ ಬಂದರು. ನನ್ನ ಹತ್ತಿರ ಬಂದಾಗ ‘ನೀನು ತುಟಿ ಮಾತ್ರ ಆಡಿಸು’ ಅಂದರು. ಆಡಿಸಿದೆ. ಮೂವತ್ತು ವರ್ಷ ಆಯ್ತು, ನನ್ನ ಮಗಳಿಗೆ ಲಾಲಿ ಹಾಡುವಾಗಲೂ ಬಾಗಿಲು ಹಾಕಿಕೊಳ್ಳುತ್ತಿದ್ದೆ. ನನ್ನಂಥ ಮಗು ಕ್ಲಾಸಿಗೆ ಬಂದರೆ ನೀವು ಏನು ಮಾಡುತ್ತೀರಿ, ಅದನ್ನು ಬರೆಯಿರಿ.

ಗುಂಪುಗಾಯನದ ಮೇಷ್ಟ್ರು:
ಮೇಲಿನವರ ಮಾತು ಓದಿ ಬೇಜಾರಾಯ್ತು ಅಕ್ಕ. ಶ್ರುತಿ ಸೇರದ ಮಗುವಿಗೆ ‘ಇನ್ನೂ ಮೇಲೆ, ಇನ್ನೂ ಮೇಲೆ’ ಅಂತ ಒತ್ತಾಯ ಮಾಡಿದರೆ ಅದು ಕಿರುಚುತ್ತದೆ, ಇಲ್ಲಾ ಬಾಯಿ ಮುಚ್ಚಿಕೊಳ್ಳುತ್ತದೆ. ನಾನು ಮಗು ಯಾವ ಸ್ವರ ಹಾಡುತ್ತಿದೆಯೋ ಅಲ್ಲಿಗೆ ನಾನೇ ಹೋಗುತ್ತೇನೆ. ಇಬ್ಬರೂ ಅದೇ ಸ್ವರವನ್ನು ಉದ್ದಕ್ಕೆ ಹಿಡಿಯುತ್ತೇವೆ. ಎರಡು ದನಿ ಒಂದಾದಾಗ ಮಗುವಿಗೆ ಅದು ಗೊತ್ತಾಗುತ್ತದೆ, ಕಣ್ಣು ಅಗಲ ಆಗುತ್ತದೆ. ಆಮೇಲೆ ಜೊತೆಯಲ್ಲೇ ಒಂದು ಮೆಟ್ಟಿಲು ಮೇಲೆ. ಕೆಲವರಿಗೆ ಒಂದು ವಾರ ಸಾಕು, ಕೆಲವರಿಗೆ ಆರು ತಿಂಗಳು ಬೇಕು. ದನಿ ಒಡೆಯುವ ವಯಸ್ಸಿನ ಹುಡುಗರನ್ನೂ ಹೊರಗೆ ಕೂರಿಸಬೇಡಿ, ಜಾಸ್ತಿ ಮೇಲೆ ಹೋಗದ ಹಾಡು ಕೊಡಿ.

ಹೊಸ ಟೀಚರ್:
ಬರೆದಿದ್ದ ಮೊದಲ ಪ್ಯಾರಾ ಪೂರ್ತಿ ಅಳಿಸಿದೆ. ‘ಮಗುವಿನ ಸ್ವರಕ್ಕೆ ಮೊದಲು ನಾನು ಹೋಗುತ್ತೇನೆ’ ಅಂತಲೇ ಶುರು ಮಾಡುತ್ತೇನೆ. ಅಕ್ಕ, ನಿಮ್ಮ ಅನುಭವವನ್ನು ಹೆಸರಿಲ್ಲದೆ ಸೇರಿಸಬಹುದಾ? ಇನ್ನೊಂದು, ಮಾರ್ಕ್ಸ್ ಬಗ್ಗೆ ಏನು ಹೇಳಲಿ?

ಹಾಡದೆ ಉಳಿದವಳು:
ಸೇರಿಸಿ.

ಗುಂಪುಗಾಯನದ ಮೇಷ್ಟ್ರು:
ವರ್ಷದ ಮೊದಲ ವಾರ ಪ್ರತಿ ಮಗುವಿನ ಹಾಡು ರೆಕಾರ್ಡ್ ಮಾಡಿಡಿ, ಕೊನೆಯ ವಾರ ಅದೇ ಹಾಡು ಮತ್ತೆ. ಎರಡನ್ನೂ ಮಗುವಿಗೇ ಕೇಳಿಸಿ. ಪಕ್ಕದವರ ದನಿ ಜೊತೆ ಹೋಲಿಸೋದು ಬೇಡ, ಅದರ ಹಳೇ ದನಿ ಜೊತೆ ಮಾತ್ರ.